ಅಮೆರಿಕದ ಎಂಎಸ್, ಪಿಎಚ್‌ಡಿಗೆ ಗಟ್ಟಿ ಅರ್ಜಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪ್ರತಿ ವರ್ಷ ನವೆಂಬರ್ ಕೊನೆಗೆ ವಿದ್ಯಾರ್ಥಿಗಳ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ ಕೈಯಲ್ಲಿದೆ, ಆದರೆ ಮೂರನೇ ಶಿಫಾರಸು ಪತ್ರ ಬರೆಯುವವರು ಸಿಕ್ಕಿಲ್ಲ. ಎಸ್‌ಒಪಿ (ಏನು, ಯಾಕೆ ಓದಬೇಕೆಂದಿದ್ದೇನೆ ಎಂದು ಹೇಳುವ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’) ಬರೆದಾಗಿದೆ, ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆ) ಮಾತ್ರ ಇನ್ನೂ ಬೆಳಗಾವಿಯ ವಿಶ್ವವಿದ್ಯಾಲಯದಿಂದ ಬಂದಿಲ್ಲ. ಓದಿನಲ್ಲಿ ಮುಂದಿರುವವರ ಅರ್ಜಿಯೂ ಸೊರಗುವುದು ಇಲ್ಲೇ. ತಾವೇ ಕೂತು ಮುಗಿಸಬಹುದಾದ ಪರೀಕ್ಷೆಗೆ ಆರು ತಿಂಗಳು ಕೊಟ್ಟು, ಬೇರೆಯವರ ಕೈಯಿಂದ ಆಗಬೇಕಾದ ಕೆಲಸಕ್ಕೆ ಎರಡು ವಾರ ಉಳಿಸಿಕೊಂಡಿರುತ್ತಾರೆ.

ಈ ಮಾರ್ಗದರ್ಶಿ ಅದನ್ನು ತಿರುಗಿಸಿ ಹಾಕುತ್ತದೆ. ಆಗಸ್ಟ್‌ನಲ್ಲಿ ಶುರುವಾಗುವ ಫಾಲ್ ಸೆಮಿಸ್ಟರ್‌ಗೆ ಅರ್ಜಿ ಹಾಕುವವರನ್ನು, ಅದರಲ್ಲೂ ಕರ್ನಾಟಕದ ಎಂಜಿನಿಯರಿಂಗ್ ಮತ್ತು ವಿಜ್ಞಾನ ಪದವೀಧರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಿಎಚ್‌ಡಿ ಅರ್ಜಿಗಳ ಗಡುವು ಬಹುತೇಕ ಡಿಸೆಂಬರ್ 1ರಿಂದ 15ರೊಳಗೆ ಇರುತ್ತದೆ. ಎಂಎಸ್‌ಗೆ ಡಿಸೆಂಬರ್ ಮಧ್ಯದಿಂದ ಫೆಬ್ರವರಿ, ಕೆಲವೆಡೆ ಮಾರ್ಚ್ ತನಕ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಆ ಡಿಸೆಂಬರ್ ಬರುವ ವರ್ಷದ ಫೆಬ್ರವರಿ, ಮಾರ್ಚ್‌ನಲ್ಲಿ.

## ಮೊದಲೇ ಕೈಯಲ್ಲಿರಬೇಕಾದವು

ಅವಧಿ ಮುಗಿಯದ ಪಾಸ್‌ಪೋರ್ಟ್, ಒಂದು ಸ್ಪ್ರೆಡ್‌ಶೀಟ್, ಫ್ಲಾಟ್‌ಬೆಡ್ ಸ್ಕ್ಯಾನರ್ ಇರುವ ಹತ್ತಿರದ ಜೆರಾಕ್ಸ್ ಅಂಗಡಿಯ ಪರಿಚಯ, ವಿದೇಶಿ ಪಾವತಿ ಆಗುವ ಕಾರ್ಡು, ಮತ್ತು ನಿಮ್ಮ ಸ್ವಂತದ ಒಂದು ಇಮೇಲ್ ವಿಳಾಸ. ಕಾಲೇಜು ಕೊಟ್ಟ ಇಮೇಲ್ ಬೇಡ. ಪದವಿ ಮುಗಿದ ಮೇಲೆ ಎಷ್ಟೋ ಕಾಲೇಜುಗಳು ಅದನ್ನು ಮುಚ್ಚುತ್ತವೆ. ಪ್ರವೇಶ ಪತ್ರ ಅಲ್ಲಿಗೇ ಬಂದು ನಿಮಗೆ ಗೊತ್ತೇ ಆಗದೆ ಹೋಗಬಹುದು.

## ಹಂತ 1: ಹೆಸರು ಸರಿಪಡಿಸಿಕೊಳ್ಳಿ

ಇದನ್ನು ಮೊದಲು ಇಟ್ಟಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬಹಳ ಜನರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಎಸ್.’ ಎಂಬ ರೀತಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರು, ತಂದೆಯ ಹೆಸರು ಎಲ್ಲ ಸೇರಿ ಉದ್ದವಾಗುತ್ತದೆ, ಇಲ್ಲವೆ ಸರ್‌ನೇಮ್ ಜಾಗ ಖಾಲಿ ಉಳಿಯುತ್ತದೆ. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಮುಂದೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಸಂಬಳದ ಚೀಟಿ ಎಲ್ಲದರಲ್ಲೂ ಅದೇ ಹಿಂದೆ ಬರುತ್ತದೆ.

ಸರ್‌ನೇಮ್ ಖಾಲಿ ಇದ್ದರೆ ಮೊದಲು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಜಿಆರ್‌ಇ, ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್, ವಿಶ್ವವಿದ್ಯಾಲಯದ ಅರ್ಜಿ ಮೂರಕ್ಕೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ಕೊಡಿ. ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಅರ್ಜಿಯಲ್ಲಿ ‘ಇತರ ಹೆಸರುಗಳು’ ಎಂಬ ಜಾಗ ಇರುತ್ತದೆ, ಅಲ್ಲಿ ಬರೆಯಿರಿ. ಇಲ್ಲದಿದ್ದರೆ ಪರೀಕ್ಷೆಯ ಅಂಕ ಒಂದು ಹೆಸರಿಗೆ ಬಂದು, ಅರ್ಜಿ ಇನ್ನೊಂದು ಹೆಸರಲ್ಲಿ ‘ಅಪೂರ್ಣ’ ಎಂದು ಬಿದ್ದಿರುತ್ತದೆ.

## ಹಂತ 2: ಯಾವ ಪದವಿ ಎಂದು ನಿರ್ಧರಿಸಿ

ಪ್ರಬಂಧ ಬರೆಯುವ ಎಂಎಸ್, ಬರೀ ಕೋರ್ಸುಗಳ ಎಂಎಸ್ ಅಥವಾ ಎಂಇಂಜಿ (ಮಾಸ್ಟರ್ ಆಫ್ ಎಂಜಿನಿಯರಿಂಗ್), ಮತ್ತು ಪಿಎಚ್‌ಡಿ ಮೂರೂ ಬೇರೆ ಬೇರೆ. ಅಮೆರಿಕದಲ್ಲಿ ಬಿಇ ಮುಗಿಸಿದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಂಟೆಕ್ ಕಡ್ಡಾಯವಲ್ಲ. ವಿಜ್ಞಾನ, ಎಂಜಿನಿಯರಿಂಗ್‌ನ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮತ್ತು ತಿಂಗಳ ವೇತನ ಸಿಗುತ್ತದೆ. ಎಂಎಸ್ ಖರ್ಚು ಬಹುತೇಕ ನಿಮ್ಮದೇ. ಹಣ ಉಳಿಸುವುದಕ್ಕಾಗಿ ಪಿಎಚ್‌ಡಿಗೆ ಹಾಕಿ, ಮಧ್ಯದಲ್ಲಿ ಎಂಎಸ್ ತೆಗೆದುಕೊಂಡು ಹೊರಬರುವ ಯೋಜನೆ ಹಾಕಬೇಡಿ. ಸಂಶೋಧನೆಯ ಪ್ರಶ್ನೆಯೇ ಇಲ್ಲದ ಅರ್ಜಿ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಮೂರು ವರ್ಷದ ಬಿಎಸ್‌ಸಿ, ಬಿಕಾಂ ಓದಿದವರು ಇಲ್ಲಿ ಒಂದು ನಿಮಿಷ ನಿಲ್ಲಿ. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ, ಕೆಲವು ಮೂರು ವರ್ಷದ ಜೊತೆ ಎಂಎಸ್‌ಸಿ ಇದ್ದರೆ ಒಪ್ಪುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಆ ವಿಶ್ವವಿದ್ಯಾಲಯದ ಭಾರತದ ಪದವಿಗಳ ಪುಟ ಓದಿ. ಸ್ಪಷ್ಟವಿಲ್ಲದಿದ್ದರೆ ಪ್ರವೇಶ ಕಚೇರಿಗೆ ಬರೆದು ಉತ್ತರ ತರಿಸಿಕೊಳ್ಳಿ.

## ಹಂತ 3: ಎಂಟು ಹೆಸರಿನ ಪಟ್ಟಿ

ಒಂದೊಂದು ಅರ್ಜಿಗೆ ಹೆಚ್ಚಿನ ಕಡೆ 75ರಿಂದ 150 ಡಾಲರ್ ಶುಲ್ಕ. ಇಪ್ಪತ್ತು ಕಡೆ ಹಾಕುವವರು ಒಂದೇ ಎಸ್‌ಒಪಿಯಲ್ಲಿ ಹೆಸರು ಬದಲಿಸಿ ಕಳಿಸುತ್ತಾರೆ, ದುಡ್ಡೂ ಹೋಗುತ್ತದೆ. ಎಂಟು ಸಾಕು: ಸಿಗುವುದು ಕಷ್ಟ ಎನ್ನುವ ಎರಡು, ನಿಮ್ಮ ಅಂಕ ಮತ್ತು ಅನುಭವಕ್ಕೆ ಹೊಂದುವ ನಾಲ್ಕು, ಬಹುತೇಕ ಸಿಗುತ್ತದೆ ಎನ್ನುವ ಎರಡು. ಆ ಕೊನೆಯ ಎರಡೂ ನೀವು ನಿಜವಾಗಿ ಹೋಗಲು ಸಿದ್ಧರಿರುವವೇ ಆಗಿರಲಿ.

ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಕೋರ್ಸಿಗೂ ಈ ಕಾಲಂಗಳಿರಲಿ: ಗಡುವು ಮತ್ತು ಅದರ ಟೈಮ್‌ಜೋನ್, ಜಿಆರ್‌ಇ ಬೇಕೋ ಬೇಡವೋ, ಇಂಗ್ಲಿಷ್ ಪರೀಕ್ಷೆಯ ಕನಿಷ್ಠ ಅಂಕ, ಎಷ್ಟು ಶಿಫಾರಸು ಪತ್ರ, ಎಸ್‌ಒಪಿಯ ಪದಮಿತಿ, ಬೇರೆ ಪ್ರಬಂಧವೇನಾದರೂ ಇದೆಯೇ, ಕೋರ್ಸಿನ ಒಟ್ಟು ಶುಲ್ಕ, ನಿಮಗೆ ಹೊಂದುವ ಪ್ರಾಧ್ಯಾಪಕರು. ಮಾಹಿತಿ ತೆಗೆದುಕೊಳ್ಳಬೇಕಾದದ್ದು ವಿಭಾಗದ ಪುಟದಿಂದ. ವಿಶ್ವವಿದ್ಯಾಲಯದ ಸಾಮಾನ್ಯ ಪುಟದಲ್ಲಿ ಒಂದು, ವಿಭಾಗದಲ್ಲಿ ಇನ್ನೊಂದು ಇರುವುದು ಮಾಮೂಲು. ಎರಡಕ್ಕೂ ತಾಳೆಯಾಗದಿದ್ದರೆ ವಿಭಾಗಕ್ಕೆ ಬರೆದು ಕೇಳಿ.

ಎಚ್ಚರಿಕೆ: ಕನ್ಸಲ್ಟೆನ್ಸಿಯವರು ನಿಮ್ಮ ಆಸಕ್ತಿ ಕೇಳುವ ಮೊದಲೇ ಪಟ್ಟಿ ಕೈಗಿಟ್ಟರೆ, ‘ಇಲ್ಲಿ ಶುಲ್ಕ ಮನ್ನಾ, ಎರಡು ದಿನದಲ್ಲಿ ಅಡ್ಮಿಷನ್’ ಎಂದರೆ, ಆ ಪಟ್ಟಿಯಲ್ಲಿ ಅವರಿಗೆ ಕಮಿಷನ್ ಕೊಡುವ ಸಂಸ್ಥೆಗಳಿರುವ ಸಾಧ್ಯತೆ ಹೆಚ್ಚು. ಅರ್ಜಿ ಖಾತೆಯ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ.

## ಹಂತ 4: ಶಿಫಾರಸು ಪತ್ರ, ಅತಿ ಹೆಚ್ಚು ಸಮಯ ಬೇಡುವ ಕೆಲಸ

ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತಾರೆ. ನಮ್ಮ ವಿದ್ಯಾರ್ಥಿಗಳು ದೊಡ್ಡ ಹುದ್ದೆ ಹುಡುಕಿಕೊಂಡು ಹೋಗುತ್ತಾರೆ: ಪ್ರಾಂಶುಪಾಲರು, ಎಚ್‌ಒಡಿ. ಅವರ ಪತ್ರದಲ್ಲಿ ‘ಈತ ಶಿಸ್ತಿನ ಹುಡುಗ, ತರಗತಿಗೆ ತಪ್ಪದೆ ಬರುತ್ತಿದ್ದ’ ಎಂಬುದಕ್ಕಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ, ಏಕೆಂದರೆ ಅವರು ನಿಮ್ಮ ಕೆಲಸ ನೋಡಿಲ್ಲ. ಪ್ರಾಜೆಕ್ಟ್ ಗೈಡ್ ಆಗಿದ್ದ ಸಹಾಯಕ ಪ್ರಾಧ್ಯಾಪಕರು ನೀವು ಯಾವ ತಪ್ಪನ್ನು ಹೇಗೆ ಹಿಡಿದಿರಿ ಎಂದು ಬರೆಯಬಲ್ಲರು. ಪ್ರವೇಶ ಸಮಿತಿಗೆ ಬೇಕಾದದ್ದು ಅದೇ. ಪಿಎಚ್‌ಡಿಗೆ ಕನಿಷ್ಠ ಎರಡು ಪತ್ರ ಸಂಶೋಧನೆ ಅಥವಾ ಪ್ರಾಜೆಕ್ಟ್ ನೋಡಿದವರಿಂದ ಇರಲಿ. ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾದವರು ಒಂದು ಪತ್ರವನ್ನು ಮ್ಯಾನೇಜರ್‌ರಿಂದ ತರಬಹುದು, ಮೂರನ್ನೂ ಅಲ್ಲಿಂದಲೇ ತಂದರೆ ಓದಿನ ಬಗ್ಗೆ ಹೇಳುವವರೇ ಇರುವುದಿಲ್ಲ.

ಯಾರನ್ನು ಕೇಳಬೇಕೆಂದು ಮಾರ್ಚ್‌ನಲ್ಲೇ ತೀರ್ಮಾನವಾಗಬೇಕು. ಮೂರನೆಯವರು ಸಿಗುತ್ತಿಲ್ಲ ಎಂದಾದರೆ ಬೇಸಿಗೆಯಲ್ಲಿ ಒಬ್ಬ ಅಧ್ಯಾಪಕರ ಜೊತೆ ಮೂರು ತಿಂಗಳು ಕೆಲಸ ಮಾಡಲು ಆಗ ಇನ್ನೂ ಅವಕಾಶವಿರುತ್ತದೆ. ಪತ್ರಕ್ಕಾಗಿ ಕೇಳುವುದು ಸೆಪ್ಟೆಂಬರ್‌ನಲ್ಲಿ, ಸಾಧ್ಯವಾದರೆ ಎದುರು ಕೂತು. ಪ್ರಶ್ನೆ ಹೀಗಿರಲಿ: ‘ಸರ್, ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯೋಕೆ ನಿಮಗೆ ಸಾಧ್ಯ ಆಗುತ್ತಾ?’ ಅವರು ಹಿಂದೇಟು ಹಾಕಿದರೆ ಬೇರೆಯವರನ್ನು ನೋಡಿಕೊಳ್ಳಿ. ಮನಸ್ಸಿಲ್ಲದೆ ಬರೆದ ಪತ್ರ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತದೆ.

ಆಮೇಲೆ ಬರುವ ಮಾತು ಎಲ್ಲರಿಗೂ ಗೊತ್ತು: ‘ನೀನೇ ಬರ್ಕೊಂಡು ಬಾ, ಕಳಿಸ್ತೀನಿ.’ ಇಲ್ಲಿ ಒಪ್ಪಿಕೊಳ್ಳಬೇಡಿ. ಒಬ್ಬನೇ ಬರೆದ ಮೂರು ಪತ್ರಗಳಲ್ಲಿ ಅದೇ ವಾಕ್ಯರಚನೆ, ಅದೇ ವಿಶೇಷಣ, ಎಸ್‌ಒಪಿಯ ಅದೇ ನುಡಿಗಟ್ಟು ಇರುತ್ತದೆ. ವರ್ಷಕ್ಕೆ ನೂರಾರು ಅರ್ಜಿ ಓದುವವರಿಗೆ ಅದನ್ನು ಹಿಡಿಯುವುದು ಕಷ್ಟವಲ್ಲ. ಪತ್ರ ಬರೆಯುವವರು ಅದು ತಮ್ಮದೇ ಬರಹ ಎಂದು ದೃಢೀಕರಿಸಬೇಕಾದ ಅರ್ಜಿಗಳೂ ಇವೆ. ಕರಡಿನ ಬದಲು ಒಂದು ಪುಟದ ಟಿಪ್ಪಣಿ ಕೊಡಿ. ಅದರಲ್ಲಿರಬೇಕಾದವು: ಯಾವ ವರ್ಷ ಯಾವ ವಿಷಯ ಅವರಲ್ಲಿ ಓದಿದ್ದು, ಬಂದ ಗ್ರೇಡು, ಅವರ ಕೈಕೆಳಗೆ ಮಾಡಿದ ಕೆಲಸದ ಎರಡು ಮೂರು ಘಟನೆಗಳು, ಗುಂಪಿನ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು, ಅರ್ಜಿ ಹಾಕುವ ಕೋರ್ಸುಗಳು ಮತ್ತು ಗಡುವುಗಳು. ಜೊತೆಗೆ ಅಂಕಪಟ್ಟಿ, ರೆಸ್ಯೂಮೆ, ಎಸ್‌ಒಪಿಯ ಕರಡು. ‘ಸರ್, ಇದನ್ನು ನೋಡಿ ನಿಮ್ಮ ಮಾತಿನಲ್ಲಿ ನಾಲ್ಕು ಪ್ಯಾರಾ ಬರೆದರೆ ಸಾಕು’ ಎಂದರೆ ಬಹಳ ಜನ ಬರೆಯುತ್ತಾರೆ. ಅಧ್ಯಾಪಕರ ಹೆಸರಲ್ಲಿ ಇಮೇಲ್ ಖಾತೆ ತೆರೆದು ತಾವೇ ಪತ್ರ ಹಾಕಿಕೊಳ್ಳುವುದು ವಂಚನೆ. ಗೊತ್ತಾದರೆ ಸಿಕ್ಕ ಪ್ರವೇಶವೂ ರದ್ದಾಗುತ್ತದೆ.

ಉಳಿದದ್ದು ಸಣ್ಣ ವಿಷಯಗಳು, ಆದರೆ ಎಡವುವುದು ಇವುಗಳಲ್ಲೇ. ಅಧ್ಯಾಪಕರ ಕಾಲೇಜಿನ ಅಧಿಕೃತ ಇಮೇಲ್ ವಿಳಾಸ ಕೊಡಿ. ಜಿಮೇಲ್ ಕೊಟ್ಟರೆ ಕೆಲವು ವಿಶ್ವವಿದ್ಯಾಲಯಗಳು ಗುರುತು ದೃಢಪಡಿಸಲು ಕೇಳುತ್ತವೆ. ಅರ್ಜಿಯಲ್ಲಿ ‘ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ’ ಎಂಬ ಪ್ರಶ್ನೆ ಬರುತ್ತದೆ, ಹೌದು ಎನ್ನಿ. ವಿದ್ಯಾರ್ಥಿಗಳ ದಾಖಲೆಗಳ ಬಗೆಗಿನ 1974ರ ಅಮೆರಿಕದ ಕಾನೂನಿನಿಂದ ಬಂದ ಪ್ರಶ್ನೆ ಅದು. ಹಕ್ಕು ಉಳಿಸಿಕೊಂಡರೆ ಪತ್ರ ಮುಕ್ತವಾಗಿ ಬರೆದದ್ದಲ್ಲವೇನೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಲಿಂಕ್ ಕಳಿಸಿದ ದಿನವೇ ಫೋನ್ ಮಾಡಿ ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಗಡುವಿಗೆ ಎರಡು ವಾರ ಮುಂಚೆ ಒಮ್ಮೆ, ನಾಲ್ಕು ದಿನ ಮುಂಚೆ ಒಮ್ಮೆ ನೆನಪಿಸಿ.

## ಹಂತ 5: ಟ್ರಾನ್ಸ್‌ಕ್ರಿಪ್ಟ್

ಮೊದಲು ನಿಮ್ಮ ಕಾಲೇಜು ಸ್ವಾಯತ್ತವೇ ಎಂದು ನೋಡಿ. ಸ್ವಾಯತ್ತ ಕಾಲೇಜಾದರೆ ಟ್ರಾನ್ಸ್‌ಕ್ರಿಪ್ಟ್ ಕೊಡುವುದು ಸಾಮಾನ್ಯವಾಗಿ ಕಾಲೇಜಿನ ಪರೀಕ್ಷಾ ವಿಭಾಗ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಕಾಲೇಜಾದರೆ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ವಾರಗಟ್ಟಲೆ ಹಿಡಿಯುವ ಕೆಲಸ ಇದು, ಆಗಸ್ಟ್‌ನಲ್ಲೇ ಹಾಕಿ. ಅಂತಿಮ ವರ್ಷದಲ್ಲಿ ಓದುತ್ತಿರುವವರಿಗೆ ಡಿಸೆಂಬರ್ ಹೊತ್ತಿಗೆ ಆರು ಸೆಮಿಸ್ಟರ್‌ಗಳ ಫಲಿತಾಂಶ ಮಾತ್ರ ಇರುತ್ತದೆ. ಅದು ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಗೊತ್ತು, ಅಷ್ಟನ್ನೇ ಕೊಡಿ.

ಅರ್ಜಿ ಹಾಕುವಾಗ ಬಹುತೇಕ ವಿಶ್ವವಿದ್ಯಾಲಯಗಳಿಗೆ ನೀವೇ ಅಪ್‌ಲೋಡ್ ಮಾಡಿದ ಪ್ರತಿ ಸಾಕು. ಮೊಹರು ಹಾಕಿದ ಲಕೋಟೆ ಪ್ರವೇಶ ಸಿಕ್ಕ ಮೇಲೆ. ವೆಸ್ (ಬೇರೆ ದೇಶದ ಪದವಿಯನ್ನು ಅಮೆರಿಕದ ಪದವಿಗೆ ಹೋಲಿಸಿ ವರದಿ ಕೊಡುವ ಸಂಸ್ಥೆ) ಮೌಲ್ಯಮಾಪನವನ್ನು ವಿಶ್ವವಿದ್ಯಾಲಯದವರು ಸ್ಪಷ್ಟವಾಗಿ ಕೇಳಿದ್ದರೆ ಮಾತ್ರ ಮಾಡಿಸಿ. ಫ್ಲಾಟ್‌ಬೆಡ್‌ನಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿ, ಸೆಮಿಸ್ಟರ್ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ. ಅಂಕಪಟ್ಟಿಯ ಹಿಂಬದಿಯ ಗ್ರೇಡ್ ವಿವರಣೆ ಬಿಡಬೇಡಿ. ಅದಿಲ್ಲದೆ ನಿಮ್ಮ ಎಂಟು ಗ್ರೇಡ್ ಪಾಯಿಂಟ್ ಎಂದರೆ ಏನೆಂದು ಓದುವವರಿಗೆ ತಿಳಿಯದು.

ಸಿಜಿಪಿಎಯನ್ನು ನೀವೇ 4ರ ಮಾನಕ್ಕೆ ಇಳಿಸಬೇಡಿ. 8.2 ಅನ್ನು 2.5ರಿಂದ ಭಾಗಿಸಿ 3.28 ಎಂದು ತುಂಬಿ ತಮ್ಮ ಅರ್ಜಿಯನ್ನೇ ಕೆಳಗೆ ತಳ್ಳಿಕೊಳ್ಳುವವರು ಬಹಳ. ಅರ್ಜಿಯಲ್ಲಿ ಬೇರೆ ರೀತಿ ಹೇಳದಿದ್ದರೆ 8.2/10 ಎಂದೇ ಬರೆಯಿರಿ. ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡಬೇಡಿ; ‘ಹೆಚ್ಚುವರಿ ಮಾಹಿತಿ’ ಜಾಗದಲ್ಲಿ ಏನಾಯಿತು, ಯಾವಾಗ ಪಾಸಾಯಿತು, ಆಮೇಲಿನ ಅಂಕ ಎಷ್ಟು ಎಂದು ಮೂರು ಸಾಲು ಸಾಕು.

## ಹಂತ 6: ಪರೀಕ್ಷೆಗಳು

2020ರ ನಂತರ ಅನೇಕ ವಿಭಾಗಗಳು ಜಿಆರ್‌ಇ ಕೈಬಿಟ್ಟಿವೆ. ‘ಐಚ್ಛಿಕ’ ಮತ್ತು ‘ಸ್ವೀಕರಿಸುವುದಿಲ್ಲ’ ಎರಡರ ವ್ಯತ್ಯಾಸ ಗಮನಿಸಿ. ಐಚ್ಛಿಕವಿದ್ದು ಸಿಜಿಪಿಎ ಕಡಿಮೆ ಇದ್ದರೆ ಒಳ್ಳೆಯ ಗಣಿತದ ಅಂಕ ಕಳಿಸಿದರೆ ಅನುಕೂಲ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ 1 ಗಂಟೆ 58 ನಿಮಿಷದ ಪರೀಕ್ಷೆ: ಒಂದು ಪ್ರಬಂಧ, ಭಾಷೆಯ 27 ಪ್ರಶ್ನೆ, ಗಣಿತದ 27 ಪ್ರಶ್ನೆ. ಹಳೆಯ ಪುಸ್ತಕದ ನಾಲ್ಕು ಗಂಟೆಯ ಮಾದರಿ ಪರೀಕ್ಷೆ ಬರೆದು ಅಭ್ಯಾಸ ಮಾಡಬೇಡಿ, ವೇಗದ ಲೆಕ್ಕ ತಪ್ಪುತ್ತದೆ. ಮರುಪರೀಕ್ಷೆಗೆ 21 ದಿನ ಕಾಯಬೇಕು, ಆದ್ದರಿಂದ ಮೊದಲ ಸಲ ಸೆಪ್ಟೆಂಬರ್ ಒಳಗೆ ಬರೆಯಿರಿ. ಜಿಆರ್‌ಇ ಅಂಕ ಐದು ವರ್ಷ, ಟೋಫೆಲ್ ಮತ್ತು ಐಇಎಲ್‌ಟಿಎಸ್ ಎರಡು ವರ್ಷ ನಡೆಯುತ್ತದೆ.

## ಹಂತ 7: ಪ್ರಾಧ್ಯಾಪಕರಿಗೆ ಇಮೇಲ್ (ಪಿಎಚ್‌ಡಿಗೆ ಮಾತ್ರ)

ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ತಕ್ಕ ಸಮಯ. ನೂರೈವತ್ತು ಪದ ಮೀರದಿರಲಿ. ನೀವು ಯಾರು ಎಂಬುದಕ್ಕೆ ಒಂದು ಸಾಲು, ಅವರ ಇತ್ತೀಚಿನ ಒಂದು ಪ್ರಬಂಧ ಓದಿ ಹುಟ್ಟಿದ ನಿಜವಾದ ಪ್ರಶ್ನೆ ಎರಡು ಸಾಲಿನಲ್ಲಿ, ನಿಮ್ಮ ಸಂಬಂಧಪಟ್ಟ ಕೆಲಸ ಎರಡು ಸಾಲು, ಮುಂದಿನ ಫಾಲ್‌ಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂಬ ನೇರ ಪ್ರಶ್ನೆ. ಒಂದೇ ವಿಭಾಗದ ಆರು ಜನರಿಗೆ ಒಂದೇ ಪತ್ರ ಕಳಿಸಬೇಡಿ, ಅವರು ಪರಸ್ಪರ ಮಾತಾಡುವವರು. ‘ರೆಸ್ಪೆಕ್ಟೆಡ್ ಸರ್’ ಬದಲು ‘ಡಿಯರ್ ಪ್ರೊಫೆಸರ್’ ಮುಂದೆ ಅವರ ಕೊನೆಯ ಹೆಸರು ಬರೆಯಿರಿ. ಎಷ್ಟೋ ಸಲ ಆ ಸರ್ ಮಹಿಳೆಯಾಗಿರುತ್ತಾರೆ. ಉತ್ತರ ಬಾರದಿದ್ದರೂ ಅರ್ಜಿ ಹಾಕಬಹುದು. ಇಮೇಲ್‌ಗೆ ಉತ್ತರಿಸುವುದಿಲ್ಲ ಎಂದು ಅವರ ಪುಟದಲ್ಲೇ ಬರೆದಿದ್ದರೆ ಬರೆಯಬೇಡಿ.

## ಹಂತ 8: ಎಸ್‌ಒಪಿ

ಸಾಮಾನ್ಯ ಮಿತಿ 500ರಿಂದ 1,000 ಪದ. ಮೊದಲ ಕರಡು ಸೆಪ್ಟೆಂಬರ್‌ನಲ್ಲಿ ಆಗಿರಲಿ, ಕನಿಷ್ಠ ನಾಲ್ಕೈದು ಸಲ ತಿದ್ದುವುದಿದೆ. ಬಾಲ್ಯದಲ್ಲಿ ರೇಡಿಯೊ ಬಿಚ್ಚಿದ ಕಥೆ, ಅಬ್ದುಲ್ ಕಲಾಂ ಅವರ ಮಾತು, ವಿಶ್ವವಿದ್ಯಾಲಯದ ರ್‍ಯಾಂಕಿಂಗ್ ಹೊಗಳಿಕೆ ಮೂರನ್ನೂ ತೆಗೆದುಹಾಕಿ. ಓದುವವರಿಗೆ ಮೂರು ವಿಷಯ ಬೇಕು: ಯಾವ ಪ್ರಶ್ನೆ ನಿಮ್ಮನ್ನು ಹಿಡಿದಿದೆ, ಅದರ ಮೇಲೆ ಈವರೆಗೆ ಏನು ಮಾಡಿದ್ದೀರಿ, ಮುಂದಿನದಕ್ಕೆ ಇದೇ ವಿಭಾಗ ಯಾಕೆ.

ಎರಡನೆಯದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯೊಬ್ಬ ಮಲೆನಾಡಿನ ಅಡಿಕೆಗೆ ಬರುವ ಎಲೆಚುಕ್ಕೆ ರೋಗವನ್ನು ಫೋಟೊದಿಂದ ಗುರುತಿಸುವ ಪ್ರಾಜೆಕ್ಟ್ ಮಾಡಿದ್ದಾನೆ ಎಂದುಕೊಳ್ಳಿ. ಸಾಮಾನ್ಯವಾಗಿ ಹೀಗೆ ಬರೆದಿರುತ್ತಾನೆ:

‘ಮಷೀನ್ ಲರ್ನಿಂಗ್‌ನಲ್ಲಿ ನನಗೆ ಅಪಾರ ಆಸಕ್ತಿ. ಶೇ 94 ನಿಖರತೆಯಿಂದ ಎಲೆಚುಕ್ಕೆ ರೋಗ ಗುರುತಿಸುವ ವ್ಯವಸ್ಥೆಯನ್ನು ರೂಪಿಸಿ ವಿಭಾಗದಲ್ಲಿ ಉತ್ತಮ ಪ್ರಾಜೆಕ್ಟ್ ಪ್ರಶಸ್ತಿ ಪಡೆದೆ.’

ಅದೇ ಕೆಲಸವನ್ನು ಹೀಗೂ ಬರೆಯಬಹುದು:

‘1,200 ಫೋಟೊಗಳ ಮೇಲೆ ನಮ್ಮ ಮಾದರಿ ಮೊದಲು ಶೇ 94 ನಿಖರತೆ ತೋರಿಸಿತು. ಒಂದೇ ಮರದ ಫೋಟೊಗಳು ತರಬೇತಿಗೂ ಪರೀಕ್ಷೆಗೂ ಹಂಚಿಹೋಗಿದ್ದನ್ನು ನಾನು ಗಮನಿಸಿದೆ. ಮರದ ಪ್ರಕಾರ ಬೇರ್ಪಡಿಸಿ ಮತ್ತೆ ಓಡಿಸಿದಾಗ ನಿಖರತೆ ಶೇ 78ಕ್ಕೆ ಇಳಿಯಿತು; ನೆರಳಿನಲ್ಲಿ ತೆಗೆದ ಫೋಟೊಗಳಲ್ಲೇ ತಪ್ಪು ಹೆಚ್ಚು. ಒಂದು ತೋಟದಲ್ಲಿ ಕಲಿತ ಮಾದರಿ ಇನ್ನೊಂದು ತೋಟದ ಬೆಳಕಿನಲ್ಲಿ ಯಾಕೆ ಸೋಲುತ್ತದೆ ಎಂಬುದನ್ನು ಮುಂದೆ ಅಧ್ಯಯನ ಮಾಡಬಯಸುತ್ತೇನೆ.’

ಎರಡನೆಯದರಲ್ಲಿ ಅಂಕಿ ಚಿಕ್ಕದು, ಪ್ರಶಸ್ತಿಯ ಮಾತಿಲ್ಲ. ಆದರೂ ಪ್ರಾಧ್ಯಾಪಕರು ಅವನನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ತನ್ನ ಫಲಿತಾಂಶವನ್ನೇ ಅನುಮಾನಿಸಿ ಪರೀಕ್ಷಿಸುವ ವಿದ್ಯಾರ್ಥಿ ಅಲ್ಲಿ ಕಾಣುತ್ತಾನೆ. ‘ನಾನು’ ಎಂದಿರುವ ಜಾಗವನ್ನೂ ನೋಡಿ: ಗುಂಪಿನ ಕೆಲಸದೊಳಗೆ ಅವನ ಪಾಲು ಯಾವುದು ಎಂದು ಸ್ಪಷ್ಟವಾಗಿದೆ. ಗೈಡ್ ಬರೆದ ಪತ್ರದಲ್ಲಿ ಇದೇ ಘಟನೆ ಅವರ ಮಾತಿನಲ್ಲಿ ಬಂದರೆ ಅರ್ಜಿ ಗಟ್ಟಿಯಾಗುತ್ತದೆ. ಹಂತ 4ರ ಟಿಪ್ಪಣಿಯ ಉಪಯೋಗ ಇದು.

‘ಇದೇ ವಿಭಾಗ ಯಾಕೆ’ ಎಂಬ ಪ್ಯಾರಾಕ್ಕೆ ಒಂದು ಪರೀಕ್ಷೆ ಇದೆ. ವಿಶ್ವವಿದ್ಯಾಲಯದ ಹೆಸರು ಬದಲಿಸಿ ಓದಿ. ಆಗಲೂ ವಾಕ್ಯಗಳು ಸರಿಯಾಗಿ ಹೊಂದಿದರೆ ಆ ಪ್ಯಾರಾ ಅಳಿಸಿ ಮತ್ತೆ ಬರೆಯಿರಿ. ಇಬ್ಬರು ಮೂವರು ಪ್ರಾಧ್ಯಾಪಕರ ಹೆಸರು ಹೇಳಿ, ಅವರ ಯಾವ ಕೆಲಸ ನಿಮ್ಮ ಪ್ರಶ್ನೆಗೆ ಹೇಗೆ ತಾಗುತ್ತದೆ ಎಂದು ತಿಳಿಸಿ. ನಿವೃತ್ತರಾದವರ, ಬೇರೆ ಕಡೆ ಹೋದವರ ಹೆಸರು ಬರೆಯದಂತೆ ಅವರ ಪುಟ ನೋಡಿಕೊಳ್ಳಿ.

ಎಐ ಸಾಧನಕ್ಕೆ ಬರೆಯಲು ಕೊಟ್ಟ ಎಸ್‌ಒಪಿಗಳು ಒಂದನ್ನೊಂದು ಹೋಲುತ್ತವೆ, ಅದನ್ನು ನಿಷೇಧಿಸಿದ ವಿಭಾಗಗಳೂ ಇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಂಥ ಕಡೆ ವೈಯಕ್ತಿಕ ಹಿನ್ನೆಲೆಯ ಬಗ್ಗೆ ಬೇರೆ ಪ್ರಬಂಧ ಕೇಳುತ್ತಾರೆ. ಮನೆಯ ಕಷ್ಟ, ಕನ್ನಡ ಮಾಧ್ಯಮದಿಂದ ಬಂದದ್ದು, ಊರಿನಲ್ಲಿ ಮಾಡಿದ ಕೆಲಸ ಅಲ್ಲಿಗೆ ಸೇರಿದ್ದು. ಎಸ್‌ಒಪಿಯನ್ನೇ ಎರಡನೇ ಸಲ ಹಾಕಬೇಡಿ.

## ಹಂತ 9: ರೆಸ್ಯೂಮೆ

ಎಂಎಸ್‌ಗೆ ಒಂದು ಪುಟ, ಪಿಎಚ್‌ಡಿಗೆ ಎರಡು. ಫೋಟೊ, ಹುಟ್ಟಿದ ದಿನಾಂಕ, ತಂದೆಯ ಹೆಸರು, ಮದುವೆಯ ವಿವರ, ಕೊನೆಗೆ ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಎಂಬ ಘೋಷಣೆ ಯಾವುದೂ ಬೇಡ. ಪ್ರಕಟಣೆಗಳ ಬಗ್ಗೆ ಒಂದು ಗಂಭೀರ ಮಾತು: ಅಂತಿಮ ವರ್ಷದ ಪ್ರಾಜೆಕ್ಟನ್ನು ಕೆಲವು ಸಾವಿರ ರೂಪಾಯಿ ಕೊಟ್ಟು, ಮೂರು ದಿನದಲ್ಲಿ ಒಪ್ಪಿಕೊಳ್ಳುವ ‘ಅಂತರರಾಷ್ಟ್ರೀಯ’ ಜರ್ನಲ್‌ನಲ್ಲಿ ಹಾಕಿಸುವ ರೂಢಿ ನಮ್ಮ ಕಾಲೇಜುಗಳಲ್ಲಿದೆ. ಪಿಎಚ್‌ಡಿ ಸಮಿತಿಯ ಕಣ್ಣಿಗೆ ಅದು ಅನುಮಾನದ ಗುರುತು. ಪ್ರಕಟಣೆ ಎಂದು ಹೆಮ್ಮೆಯಿಂದ ಮೇಲೆ ಹಾಕುವ ಬದಲು ಪ್ರಾಜೆಕ್ಟ್ ವರದಿ ಮತ್ತು ಕೋಡಿನ ಲಿಂಕ್ ಕೊಡಿ.

## ಹಂತ 10: ತುಂಬಿ ಕಳಿಸುವುದು

ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 11:59 ಎಂದರೆ ಡಿಸೆಂಬರ್‌ನಲ್ಲಿ ನಮಗೆ ಮರುದಿನ ಬೆಳಿಗ್ಗೆ 10:29. ಕ್ಯಾಲಿಫೋರ್ನಿಯಾದ ಅದೇ ಗಂಟೆ ನಮ್ಮ ಮಧ್ಯಾಹ್ನ 1:29. ಕೆಲವು ಗಡುವು ಅಲ್ಲಿನ ಸಂಜೆ 5ಕ್ಕೆ ಇರುತ್ತದೆ, ಪೂರ್ವ ಕರಾವಳಿಯಾದರೆ ನಮಗೆ ನಸುಕಿನ 3:30. ಇವೆಲ್ಲ ಗೊತ್ತಿದ್ದೂ ಐದು ದಿನ ಮುಂಚೆ ಕಳಿಸಿ.

ಪಾವತಿ ಆಗದೆ ಕೊನೆಯ ರಾತ್ರಿ ಕೂರುವವರು ಪ್ರತಿ ವರ್ಷ ಇರುತ್ತಾರೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಏರಿಸಿ, ಮೊದಲ ಅರ್ಜಿಯ ಶುಲ್ಕ ಬೇಗ ಕಟ್ಟಿ ನೋಡಿ.

ಕಳಿಸುವ ಮುನ್ನ ಅರ್ಜಿಯ ಪೂರ್ಣ ಪಿಡಿಎಫ್ ಪ್ರಿವ್ಯೂ ತೆರೆದು ಪ್ರತಿ ಪುಟ ನೋಡಿ. ತಿರುಗಿಕೊಂಡ ಅಂಕಪಟ್ಟಿ, ಇನ್ನೊಂದು ವಿಶ್ವವಿದ್ಯಾಲಯದ ಹೆಸರಿರುವ ಎಸ್‌ಒಪಿ, ಕತ್ತರಿಸಿಹೋದ ಕೊನೆಯ ಪ್ಯಾರಾ ಸಿಕ್ಕಿಬೀಳುವುದು ಇಲ್ಲೇ. ಒಂದೊಂದು ಕೋರ್ಸಿಗೂ ಬೇರೆ ಫೋಲ್ಡರ್ ಇಟ್ಟು, ಕಡತದ ಹೆಸರಲ್ಲೇ ವಿಶ್ವವಿದ್ಯಾಲಯದ ಹೆಸರು ಇಟ್ಟರೆ ಅದಲುಬದಲಾಗುವುದಿಲ್ಲ.

## ಹಂತ 11: ಕಳಿಸಿದ ಮೇಲೆ

ಮೂರು ದಿನದ ನಂತರ ಪೋರ್ಟಲ್‌ನ ಸ್ಥಿತಿ ಪುಟ ನೋಡಿ, ಆಮೇಲೆ ವಾರಕ್ಕೊಮ್ಮೆ. ಯಾವ ದಾಖಲೆ ಬಂದಿಲ್ಲ ಎಂದು ಅಲ್ಲಿ ತೋರಿಸುತ್ತದೆ. ಪರೀಕ್ಷೆಯ ಅಂಕ ಸರಿಯಾದ ಸಂಸ್ಥೆಯ ಕೋಡ್‌ಗೆ ಹೋಗಿದೆಯೇ ಎಂಬುದೂ ತಿಳಿಯುತ್ತದೆ. ಪಿಎಚ್‌ಡಿಯ ವಿಡಿಯೊ ಸಂದರ್ಶನಗಳು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ರೆಸ್ಯೂಮೆಯ ಪ್ರತಿ ಸಾಲಿನ ಬಗ್ಗೆಯೂ ಎರಡು ನಿಮಿಷ ಮಾತಾಡುವಷ್ಟು ಸಿದ್ಧರಿರಿ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆ, ಎಲ್ಲರಿಗೂ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ ವಿದ್ಯಾರ್ಥಿವೇತನ ಇವೆ. ಇವುಗಳ ಗಡುವು ಬೇರೆಯೇ ಇರುತ್ತದೆ, ಅದೇ ಸ್ಪ್ರೆಡ್‌ಶೀಟ್‌ಗೆ ಸೇರಿಸಿ.

ಆರ್ಥಿಕ ನೆರವಿನ ಜೊತೆ ಪ್ರವೇಶ ಬಂದರೆ ಕೂಡಲೇ ಒಪ್ಪಿಕೊಳ್ಳಬೇಕೆಂಬ ಒತ್ತಡಕ್ಕೆ ಬೀಳಬೇಡಿ. ಅಮೆರಿಕದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಅಂಥ ವಿದ್ಯಾರ್ಥಿಗಳಿಗೆ ಏಪ್ರಿಲ್ 15ರವರೆಗೆ ಯೋಚಿಸಲು ಅವಕಾಶ ಕೊಡುತ್ತವೆ. ನಿಮ್ಮ ಖರ್ಚಿನ ಎಂಎಸ್‌ಗೆ ಇದು ಅನ್ವಯಿಸದಿರಬಹುದು, ಪ್ರವೇಶ ಪತ್ರದಲ್ಲಿರುವ ದಿನಾಂಕವೇ ಅಲ್ಲಿ ಲೆಕ್ಕ. ಎಲ್ಲಿಗೆ ಹೋಗುವುದಿಲ್ಲವೋ ಅಲ್ಲಿಗೆ ಬೇಗ ತಿಳಿಸಿ, ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಆ ಜಾಗ ಸಿಗುತ್ತದೆ. ಪತ್ರ ಬರೆದುಕೊಟ್ಟ ಮೂವರಿಗೂ ಫಲಿತಾಂಶ ಏನಾಯಿತೆಂದು ಹೇಳಿ.